ಪಾವಗಡದ ಅಜ್ಜಿಗೆ ಡಾಕ್ಟರೇಟ್ ಬಂತು, ಅಜ್ಜಿಯ ವಿದ್ಯೆಗೆ ಯಾವಾಗ?

ಸೂಲಗಿತ್ತಿ ನರಸಮ್ಮ ಅವರ ಹೆಸರಿನ ಮುಂದೆ ‘ಡಾ.’ ಸೇರಿ ಹತ್ತು ವರ್ಷ ದಾಟಿದೆ. ಅವರ ಕೈಯಲ್ಲಿದ್ದ ಬಸಿರು-ಬಾಣಂತನದ ವಿದ್ಯೆಯನ್ನು ಪಿಎಚ್.ಡಿ ಮಟ್ಟದಲ್ಲಿ ಓದುವ, ಅಳೆಯುವ, ತಪ್ಪಿದ್ದರೆ ತಪ್ಪು ಅಂತ ಹೇಳುವ ಕೆಲಸ ಎಲ್ಲಿಗೆ ಬಂದಿದೆ? ಚೀನಾ ಏನು ಮಾಡಿತು? ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಏನು ಮಾಡಬಹುದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಉಪವಿಭಾಗ. ಮಳೆ ಕಡಿಮೆ, ಬಂಡೆ ಜಾಸ್ತಿ. ಹೊರಗಿನವರಿಗೆ ಈ ಸೀಮೆ ಅಂದರೆ ಮಧುಗಿರಿಯ ಏಕಶಿಲಾ ಬೆಟ್ಟ, ಗೊರವನಹಳ್ಳಿ ಲಕ್ಷ್ಮಿ, ಪಾವಗಡದ ಸೋಲಾರ್ ಪಾರ್ಕ್. ಒಳಗಿನವರಿಗೆ ಇನ್ನೊಂದು ಗುರುತಿದೆ: ಸಿದ್ಧರಬೆಟ್ಟದ ಗಿಡಮೂಲಿಕೆ ಮತ್ತು ಊರಿಗೊಬ್ಬರಂತೆ ಇದ್ದ ಸೂಲಗಿತ್ತಿಯರು.

ಆ ಸೂಲಗಿತ್ತಿಯರಲ್ಲಿ ಒಬ್ಬರು ಮಾತ್ರ ದೇಶಕ್ಕೆಲ್ಲ ಗೊತ್ತಾದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ. ಮನೆಮಾತು ತೆಲುಗು, ಓದು-ಬರಹ ಇಲ್ಲ. ಹನ್ನೆರಡನೇ ವಯಸ್ಸಿಗೆ ಮದುವೆ, ಮುಂದೆ ಹನ್ನೆರಡು ಮಕ್ಕಳು. ವಿದ್ಯೆ ಕಲಿಸಿದ್ದು ಅಜ್ಜಿ ಮರಿಗೆಮ್ಮ. 1940ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಸ್ವಂತ ಅತ್ತೆಗೆ ಮಾಡಿಸಿದ್ದೇ ಮೊದಲ ಹೆರಿಗೆ. ಅಲ್ಲಿಂದ ಸುಮಾರು ಏಳು ದಶಕದಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಅನ್ನುತ್ತಾರೆ. ಹಣ ತೆಗೆದುಕೊಳ್ಳುತ್ತಿರಲಿಲ್ಲ. ಊರಿಗೆ ಬರುತ್ತಿದ್ದ ಅಲೆಮಾರಿ ಜನರಿಂದ ಬಸುರಿಯರಿಗೆ ಕೊಡುವ ಸೊಪ್ಪು-ಬೇರಿನ ಔಷಧಿ ಕಲಿತರು. ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ, ನಾಡಿ ಹೇಗಿದೆ ಅಂತ ಹೇಳುತ್ತಿದ್ದರು. ನೂರಾರು ಜನರಿಗೆ ಈ ಕೆಲಸ ಕಲಿಸಿದರು.

2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಗೌರವ ಸಿಕ್ಕಿತು, ಸಂತೋಷ. ಆದರೆ ಡಾಕ್ಟರೇಟ್ ಅನ್ನುವ ಪದದ ನಿಜವಾದ ಅರ್ಥ ಸಂಶೋಧನೆ. ಶಾಲು, ಹಾರ, ಫೋಟೋ ಎಲ್ಲ ಆಯ್ತು. ನರಸಮ್ಮ ಯಾವ ಬೇರನ್ನು ಯಾವ ತಿಂಗಳಲ್ಲಿ ಕೊಡುತ್ತಿದ್ದರು, ಏಕೆ ಕೊಡುತ್ತಿದ್ದರು, ಕೊಟ್ಟದ್ದರಿಂದ ಏನಾಯಿತು? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಅದು ವಿದ್ಯೆಗೆ ಸಲ್ಲುವ ಡಾಕ್ಟರೇಟ್.

ಚೀನಾ ಮಾಡಿದ್ದೇನು?

ಸಾಂಪ್ರದಾಯಿಕ ವೈದ್ಯವನ್ನು ವಿಶ್ವವಿದ್ಯಾಲಯದೊಳಕ್ಕೆ ತರುವ ವಿಷಯದಲ್ಲಿ ಎಲ್ಲರೂ ಬೆರಳು ತೋರಿಸುವುದು ಚೀನಾ ಕಡೆಗೆ. 1956ರಲ್ಲೇ ಬೀಜಿಂಗ್, ಶಾಂಘೈ, ಗುವಾಂಗ್‌ಝೌ ಮತ್ತು ಚೆಂಗ್ಡುಗಳಲ್ಲಿ ತಮ್ಮ ನಾಡಿನ ವೈದ್ಯ ಕಲಿಸುವ ನಾಲ್ಕು ಕಾಲೇಜು ತೆರೆದರು. ಇವತ್ತು ಅಲ್ಲಿ ಚೀನೀ ವೈದ್ಯಪದ್ಧತಿಯ ಸ್ತ್ರೀರೋಗ ವಿಭಾಗದಲ್ಲೇ ಪಿಎಚ್.ಡಿ ಮಾಡಬಹುದು. ಮುಟ್ಟಿನ ತೊಂದರೆ, ಪಿಸಿಓಎಸ್, ಬಂಜೆತನ, ಬಾಣಂತನ ಎಲ್ಲವೂ ಸಂಶೋಧನೆಯ ವಿಷಯಗಳೇ.

ಅಲ್ಲಿಂದ ಬಂದ ಎರಡು ಕಥೆ ನಮಗೆ ಮುಖ್ಯ.

ಮೊದಲನೆಯದು ತು ಯೂಯೂ ಎಂಬ ಮಹಿಳೆಯದ್ದು. ಮಲೇರಿಯಾಕ್ಕೆ ಔಷಧಿ ಹುಡುಕುತ್ತಿದ್ದ ಅವರಿಗೆ ಸುಳಿವು ಸಿಕ್ಕಿದ್ದು ನಾಲ್ಕನೇ ಶತಮಾನದ ವೈದ್ಯ ಗೆ ಹೊಂಗ್ ಬರೆದ ಹಳೆಯ ಪುಸ್ತಕದಲ್ಲಿ. ಒಂದು ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತ ಅಲ್ಲಿತ್ತು. ಕುದಿಸುವ ಮಾತೇ ಇರಲಿಲ್ಲ. ಹಾಗಾದರೆ ಬಿಸಿ ತಾಗಿದರೆ ಸತ್ವ ಹಾಳಾಗುತ್ತಿರಬಹುದಾ ಅಂತ ಯೋಚಿಸಿ, ಕಡಿಮೆ ಶಾಖದಲ್ಲಿ ಸಾರ ತೆಗೆದರು. ಆರ್ಟೆಮಿಸಿನಿನ್ ಹುಟ್ಟಿದ್ದು ಹೀಗೆ. 2015ರಲ್ಲಿ ನೊಬೆಲ್ ಬಂತು. ತಮಾಷೆ ನೋಡಿ, ತು ಯೂಯೂ ಅವರಿಗೆ ಪಿಎಚ್.ಡಿಯೇ ಇಲ್ಲ! ಇದ್ದದ್ದು ಹಳೆಯ ಮಾತನ್ನು ಗೌರವದಿಂದ ಓದುವ, ಓದಿದ ಮೇಲೆ ಪರೀಕ್ಷೆಗೆ ಒಡ್ಡುವ ಅಭ್ಯಾಸ.

ಎರಡನೆಯ ಕಥೆ ಅಷ್ಟು ಪ್ರಸಿದ್ಧವಲ್ಲ, ಆದರೆ ಪಿಸಿಓಎಸ್ ಇರುವ ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತಿರಬೇಕು. ಮೈಗೆ ಸಣ್ಣ ಸೂಜಿ ಚುಚ್ಚುವ ಆಕ್ಯುಪಂಕ್ಚರ್‌ನಿಂದ ಪಿಸಿಓಎಸ್ ಇರುವವರಿಗೆ ಗರ್ಭ ನಿಲ್ಲುತ್ತದೆ ಎಂಬ ನಂಬಿಕೆ ಜಗತ್ತಿನ ತುಂಬ ಇದೆ. ಹಾರ್ಬಿನ್ ನಗರದಲ್ಲಿರುವ ಚೀನೀ ವೈದ್ಯ ವಿಶ್ವವಿದ್ಯಾಲಯದ ತಂಡವೇ ಇದನ್ನು ಪರೀಕ್ಷಿಸಲು ಹೊರಟಿತು. ಚೀನಾದ ಹಲವು ಆಸ್ಪತ್ರೆಗಳಿಂದ 1,000 ಮಹಿಳೆಯರನ್ನು ಸೇರಿಸಿ ನಾಲ್ಕು ಗುಂಪು ಮಾಡಿದರು. ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ತೋರಿಕೆಯ ಸೂಜಿ. ಕೆಲವರಿಗೆ ಅಂಡಾಣು ಬಿಡುಗಡೆಗೆ ಕೊಡುವ ಕ್ಲೋಮಿಫೀನ್ ಮಾತ್ರೆ, ಕೆಲವರಿಗೆ ಔಷಧಿಯಿಲ್ಲದ ಖಾಲಿ ಮಾತ್ರೆ.

2017ರಲ್ಲಿ ಫಲಿತಾಂಶ ಪ್ರಕಟವಾಯಿತು. ನಿಜವಾದ ಸೂಜಿಯ ಜೊತೆ ಕ್ಲೋಮಿಫೀನ್ ಪಡೆದವರಲ್ಲಿ ಮಗು ಹೆತ್ತವರು ಶೇ 29.4. ತೋರಿಕೆಯ ಸೂಜಿ ಮತ್ತು ಕ್ಲೋಮಿಫೀನ್ ಪಡೆದವರಲ್ಲಿ ಶೇ 28. ನಿಜವಾದ ಸೂಜಿ, ಖಾಲಿ ಮಾತ್ರೆ: ಶೇ 13.9. ತೋರಿಕೆಯ ಸೂಜಿ, ಖಾಲಿ ಮಾತ್ರೆ: ಶೇ 16.8. ಅಂದರೆ ಕೆಲಸ ಮಾಡಿದ್ದು ಮಾತ್ರೆ. ಸೂಜಿಯಿಂದ ಏನೂ ಹೆಚ್ಚಲಿಲ್ಲ.

ಇದರಲ್ಲಿ ಮೆಚ್ಚಬೇಕಾದ್ದು ಏನು ಗೊತ್ತಾ? ತಮ್ಮದೇ ಪರಂಪರೆಯ ಚಿಕಿತ್ಸೆಯನ್ನು ತಾವೇ ಪರೀಕ್ಷಿಸಿ, ಪ್ರಯೋಜನ ಕಾಣಲಿಲ್ಲ ಅಂತ ಜಗತ್ತಿನ ಮುಂದೆ ಬರೆದರು. ಡಾಕ್ಟರೇಟ್ ಮಟ್ಟದ ಓದು ಒಂದು ಸಮಾಜಕ್ಕೆ ಕೊಡಬೇಕಾದ ಧೈರ್ಯ ಅದು.

ನಮ್ಮಲ್ಲಿ ಏನಿದೆ?

ಆಯುರ್ವೇದದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಹೆಸರು ಪ್ರಸೂತಿ ತಂತ್ರ ಮತ್ತು ಸ್ತ್ರೀರೋಗ. ಐದೂವರೆ ವರ್ಷದ ಬಿಎಎಂಎಸ್, ಮೂರು ವರ್ಷದ ಎಂ.ಎಸ್, ಅದರ ಮೇಲೆ ಪಿಎಚ್.ಡಿ. ಜಾಮ್‌ನಗರ, ಜೈಪುರದಂಥ ರಾಷ್ಟ್ರೀಯ ಸಂಸ್ಥೆಗಳಲ್ಲಿ ಈ ದಾರಿ ಹಳೆಯದು. ಕರ್ನಾಟಕದಲ್ಲಿ 1908ರಿಂದ ಇರುವ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಿಂದ ಹಿಡಿದು ಉಡುಪಿ, ಹಾಸನದ ಕಾಲೇಜುಗಳವರೆಗೆ ಸ್ನಾತಕೋತ್ತರ ಓದಿಗೆ ಜಾಗ ಇದೆ.

ಬೆಂಗಳೂರಿನ ಯಲಹಂಕ ಬಳಿ ಇನ್ನೊಂದು ಬಗೆಯ ಪ್ರಯತ್ನ ನಡೆದಿದೆ. 1993ರಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಸಂಸ್ಥೆ ಔಷಧಿ ಗಿಡಗಳನ್ನೂ ಊರ ವೈದ್ಯರ ತಿಳಿವಳಿಕೆಯನ್ನೂ ದಾಖಲಿಸುತ್ತ ಬಂತು. ಅದರಿಂದ ಬೆಳೆದ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದಲ್ಲಿ ಆಯುರ್ವೇದ ಮತ್ತು ಆಧುನಿಕ ಜೀವವಿಜ್ಞಾನ ಎರಡನ್ನೂ ಕೂಡಿಸಿ ಪಿಎಚ್.ಡಿ ಮಾಡಬಹುದು.

ಇದೇ ಎಫ್‌ಆರ್‌ಎಲ್‌ಎಚ್‌ಟಿ ವಿಜ್ಞಾನಿಗಳು ಮಾಡಿದ ಒಂದು ಕೆಲಸ ಕೇಳಿ. ರಾತ್ರಿ ತಾಮ್ರದ ಬಿಂದಿಗೆಯಲ್ಲಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯಬೇಕು ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಅದನ್ನು ಪ್ರಯೋಗಾಲಯಕ್ಕೆ ತಂದರು. ಕಾಲರಾ, ಆಮಶಂಕೆ, ಭೇದಿ ತರುವ ರೋಗಾಣುಗಳನ್ನು ನೀರಿಗೆ ಬೆರೆಸಿ, 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟರು. ಆಮೇಲೆ ನೋಡಿದರೆ ಜೀವಂತ ರೋಗಾಣು ಸಿಗಲಿಲ್ಲ. ನೀರಿಗೆ ಬಿಟ್ಟ ತಾಮ್ರದ ಪ್ರಮಾಣವೂ ಸುರಕ್ಷಿತ ಮಿತಿಯೊಳಗೇ ಇತ್ತು. 2012ರಲ್ಲಿ ಇದು ಪ್ರಕಟವಾಯಿತು.

ಸೂಜಿಗೆ ‘ಇಲ್ಲ’ ಅನ್ನುವ ಉತ್ತರ ಬಂತು, ಬಿಂದಿಗೆಗೆ ‘ಹೌದು’ ಅಂತ ಬಂತು. ಕೇಳುವವರೆಗೆ ಎರಡೂ ಬರೀ ನಂಬಿಕೆ. ಬಾಣಂತಿ ಕೋಣೆಯ ಹೆಚ್ಚಿನ ಮಾತುಗಳು ಇನ್ನೂ ಆ ಹಂತದಲ್ಲೇ ನಿಂತಿವೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಏನೇನು ಸಂಶೋಧಿಸಬಹುದು?

ಶತಾವರಿಯಿಂದ ಶುರು ಮಾಡೋಣ. ಕನ್ನಡದಲ್ಲಿ ಇದಕ್ಕೆ ಎಷ್ಟು ಚೆಂದದ ಹೆಸರು ನೋಡಿ: ಹಲವು ಮಕ್ಕಳ ತಾಯಿ ಬೇರು. ಒಂದೇ ಬುಡಕ್ಕೆ ಗೊಂಚಲು ಗೊಂಚಲಾಗಿ ಗೆಡ್ಡೆ. ಎದೆಹಾಲು ಹೆಚ್ಚಲಿ ಅಂತ ಬಾಣಂತಿಗೆ ಕೊಡುವುದು ರೂಢಿ. ನಿಜವಾಗಿ ಹೆಚ್ಚುತ್ತದಾ? 1996ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಶತಾವರಿ ಇರುವ ಔಷಧಿಯಿಂದ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ 60 ತಾಯಂದಿರ ಮೇಲೆ ನಡೆದ ಇನ್ನೊಂದರಲ್ಲಿ ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನ್ ಚೆನ್ನಾಗಿ ಏರಿತು. ಎರಡು ಅಧ್ಯಯನ, ಎರಡು ಉತ್ತರ. ಬೇರು ಯಾವ ಋತುವಿನಲ್ಲಿ ಕಿತ್ತದ್ದು, ಎಷ್ಟು ಪ್ರಮಾಣ, ಹಾಲಿನಲ್ಲಿ ಕೊಟ್ಟರೋ ಪುಡಿಯಾಗಿ ಕೊಟ್ಟರೋ? ಇಂಥ ವಿವರ ಸೂಲಗಿತ್ತಿಗೆ ಗೊತ್ತಿರುತ್ತದೆ. ಪ್ರಯೋಗಾಲಯದವರು ಅವರನ್ನು ಕೇಳಬೇಕು.

ಇನ್ನೊಂದು, ಗಿಡದ ಗುರುತು. ಮುಟ್ಟಿನ ತೊಂದರೆಗೆ ಬಳಸುವ ಅಶೋಕದ ತೊಗಟೆ ನಿಜವಾದ ಅಶೋಕ ಮರದ್ದಾಗಿರಬೇಕು. ಕಾಡಿನಲ್ಲಿ ಅದು ಅಪರೂಪವಾಗಿದೆ. ಹಾಗಾಗಿ ರಸ್ತೆ ಬದಿಯಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಬೇರೆಯೇ ಜಾತಿಯ ‘ಅಶೋಕ’ದ ತೊಗಟೆ ಮಾರುಕಟ್ಟೆಯಲ್ಲಿ ಕಲಬೆರಕೆಯಾಗುತ್ತದೆ. ಡಬ್ಬಿಯ ಮೇಲಿನ ಹೆಸರು ಒಂದು, ಒಳಗಿರುವ ತೊಗಟೆ ಇನ್ನೊಂದು. ಸಿದ್ಧರಬೆಟ್ಟದಂಥ ಜಾಗದಲ್ಲಿ ಯಾವ ಗಿಡ ಎಲ್ಲಿದೆ, ಎಷ್ಟು ಉಳಿದಿದೆ ಅಂತ ಲೆಕ್ಕ ಹಿಡಿಯುವುದೇ ಒಂದು ದೊಡ್ಡ ಪ್ರಬಂಧಕ್ಕೆ ಸಾಕು.

ಮೂರನೆಯದು ಹೆರಿಗೆಯ ಕ್ರಮ. ಕುಕ್ಕರಗಾಲಲ್ಲಿ ಕೂರಿಸಿ ಹೆರಿಗೆ ಮಾಡಿಸುವುದು, ಕಸ ಬೀಳುವವರೆಗೂ ಹೊಕ್ಕುಳಬಳ್ಳಿ ಕತ್ತರಿಸದೆ ಕಾಯುವುದು ನಮ್ಮ ದೇಶದ ಅನೇಕ ಸೂಲಗಿತ್ತಿಯರ ಪದ್ಧತಿಯಾಗಿತ್ತು. ಹೆರುವ ಭಂಗಿಯನ್ನು ತಾಯಿಯ ಆಯ್ಕೆಗೆ ಬಿಡಿ, ಹುಟ್ಟಿದ ಮೇಲೆ ಕನಿಷ್ಠ ಒಂದು ನಿಮಿಷ ಕಾದು ಬಳ್ಳಿ ಕತ್ತರಿಸಿ ಅಂತ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಚರಕ ಸಂಹಿತೆಯೂ ಹೆರಿಗೆ ಕೋಣೆಯಲ್ಲಿ ಹಲವು ಸಲ ಹೆತ್ತು ಅನುಭವವಿರುವ, ಬಸುರಿಯ ಮೇಲೆ ಪ್ರೀತಿಯಿರುವ ಹೆಂಗಸರು ಇರಬೇಕು ಎನ್ನುತ್ತದೆ. ನೋವಿನ ಹೊತ್ತಿನಲ್ಲಿ ಪಕ್ಕದಲ್ಲಿ ನಂಬಿಕೆಯವರೊಬ್ಬರು ಇದ್ದರೆ ಹೆರಿಗೆ ಸುಲಭ ಅನ್ನುವುದನ್ನು ಇಂದಿನ ಸಂಶೋಧನೆಗಳೂ ಒಪ್ಪುತ್ತವೆ.

ಇನ್ನು ಪಾವಗಡದ ನೀರು. ಇಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ಗೊತ್ತು. ಹಲ್ಲು ಕಂದಾಗುವುದು, ಕೀಲು ಬಿಗಿಯುವುದು ಕಣ್ಣಿಗೆ ಕಾಣುತ್ತದೆ. ಬಸುರಿಯರ ಕಥೆ ಏನು? ದೆಹಲಿಯಲ್ಲಿ ಎ.ಕೆ. ಸುಶೀಲಾ ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವ ಪ್ರಕಾರ, ನೀರು-ಆಹಾರದಿಂದ ಫ್ಲೋರೈಡ್ ತಗ್ಗಿಸಿ ಪೌಷ್ಟಿಕ ಊಟ ಕೊಟ್ಟಾಗ ಬಸುರಿಯರ ರಕ್ತಹೀನತೆ ಕಡಿಮೆಯಾಯಿತು, ಹುಟ್ಟಿದ ಮಕ್ಕಳ ತೂಕ ಸುಧಾರಿಸಿತು. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದ ಬಸುರಿಯರಿದ್ದರೆ ಅವರ ಮನೆಯ ನೀರನ್ನೂ ನೋಡಬೇಕಲ್ವಾ? ಗರ್ಭದ ಆರೋಗ್ಯ ಅಂದರೆ ಬೇರು-ಸೊಪ್ಪು ಅಷ್ಟೇ ಅಲ್ಲ, ಬಿಂದಿಗೆಯ ನೀರೂ ಹೌದು ಅನ್ನುವುದಕ್ಕೆ ಪಾವಗಡಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ.

ಅಂದ ಹಾಗೆ, ಇಲ್ಲಿ ಕೆಲಸ ಮಾಡುವ ಸಂಶೋಧಕಿಗೆ ಕನ್ನಡದ ಜೊತೆ ತೆಲುಗೂ ಬರಬೇಕು. ಪಾವಗಡ ಮೂರು ಕಡೆಯಿಂದ ಆಂಧ್ರ ಸುತ್ತುವರಿದ ತಾಲ್ಲೂಕು. ಬಾಣಂತಿ ಕೋಣೆಯ ಮಾತು ಎಷ್ಟೋ ಮನೆಗಳಲ್ಲಿ ತೆಲುಗಿನಲ್ಲೇ ನಡೆಯುತ್ತದೆ.

ಹಳೆಯದೆಲ್ಲ ಒಳ್ಳೆಯದಾ?

ಖಂಡಿತ ಅಲ್ಲ. 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿತ್ತು. 2019-20ರ ಹೊತ್ತಿಗೆ ಅದು 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಕ್ಕೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ರಕ್ತಸ್ರಾವ ನಿಲ್ಲಿಸುವ ಇಂಜೆಕ್ಷನ್, ರಕ್ತನಿಧಿ, 108 ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲ ಸೇರಿ ಉಳಿಸಿದ ಜೀವಗಳು ಅವು. ಹೆರಿಗೆ ಮತ್ತೆ ಮನೆಗೆ ಬರಲಿ ಅಂತ ಯಾರೂ ಹೇಳಬಾರದು.

ಬಾಣಂತಿಗೆ ನೀರು ಕೊಡಬಾರದು, ಹಣ್ಣು ಕೊಡಬಾರದು ಅನ್ನುವ ಪದ್ಧತಿಗಳಿಂದ ತಾಯಿ-ಮಗು ಇಬ್ಬರಿಗೂ ಕಷ್ಟ. ಹಾಲೂಡಿಸುವ ತಾಯಿಗೆ ನೀರು ಇನ್ನೂ ಹೆಚ್ಚು ಬೇಕು. ಎಲ್ಲಕ್ಕಿಂತ ಅಪಾಯದ್ದು ‘ಗಂಡು ಮಗು ಆಗುವ ಔಷಧಿ’. ಹರಿಯಾಣದಲ್ಲಿ ನಡೆದ ಅಧ್ಯಯನಗಳು ಇಂಥ ಔಷಧಿಗೂ ಹುಟ್ಟುದೋಷಕ್ಕೂ, ಹೊಟ್ಟೆಯಲ್ಲೇ ಸಾಯುವ ಮಕ್ಕಳಿಗೂ ನಂಟು ಇದೆ ಅಂತ ತೋರಿಸಿವೆ. 2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸದ ವಿಷ ಪತ್ತೆಯಾಯಿತು. ಕಾರಣ, ಭಾರತದಲ್ಲಿ ತಯಾರಾದ ಆಯುರ್ವೇದ ಹೆಸರಿನ ಔಷಧಿ. ಸೀಸ ತಾಯಿಯಿಂದ ಕೂಸಿಗೂ ದಾಟುತ್ತದೆ.

ಪರಂಪರೆಯ ಮೇಲೆ ಪ್ರೀತಿ ಇರುವವರೇ ಇದನ್ನು ಮೊದಲು ಹೇಳಬೇಕು. ಕಾಳು-ಜೊಳ್ಳು ಬೇರೆ ಮಾಡದಿದ್ದರೆ ಜೊಳ್ಳಿನ ಹೆಸರಿನಲ್ಲಿ ಕಾಳನ್ನೂ ತಿಪ್ಪೆಗೆ ಎಸೆಯುತ್ತಾರೆ.

ಪ್ರಬಂಧದ ಮೇಲೆ ಯಾರ ಹೆಸರು?

ಇದು ಮುಜುಗರದ ಪ್ರಶ್ನೆ, ಆದರೂ ಕೇಳಲೇಬೇಕು. ನಾಳೆ ಯಾರೋ ಬಂದು ಕೊರಟಗೆರೆಯ ಒಬ್ಬ ಅಜ್ಜಿಯ ಹತ್ತಿರ ಬೇರಿನ ಗುಟ್ಟು ಕೇಳಿ, ಪಿಎಚ್.ಡಿ ಪಡೆದು, ಕಂಪನಿಯೂ ಕಟ್ಟಿದರೆ ಅಜ್ಜಿಗೆ ಏನು ಸಿಗುತ್ತದೆ?

2002ರ ಜೀವವೈವಿಧ್ಯ ಕಾಯ್ದೆ ಲಾಭದಲ್ಲಿ ಪಾಲು ಕೊಡಬೇಕು ಅನ್ನುತ್ತದೆ. 2023ರ ತಿದ್ದುಪಡಿ ಗ್ರಂಥಗಳಲ್ಲಿ ದಾಖಲಾದ ಜ್ಞಾನ ಬಳಸುವವರಿಗೆ ವಿನಾಯಿತಿ ಕೊಟ್ಟಿದೆ. ಬಾಯಿಂದ ಬಾಯಿಗೆ ಬಂದ ಜ್ಞಾನ ಅಜ್ಜಿಯ ಹೆಸರಿನಲ್ಲಿ ಉಳಿಯಬೇಕಾದರೆ ಅದನ್ನು ಅವರ ಒಪ್ಪಿಗೆಯಿಂದ ದಾಖಲಿಸಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು ಅನ್ನುವ ನಿಯಮ ಇದೆ. ನಿಮ್ಮೂರಿನ ಪುಸ್ತಕದಲ್ಲಿ ಸೂಲಗಿತ್ತಿಯರ ಮಾತು ಒಂದು ಸಾಲಾದರೂ ಇದೆಯಾ? ಪಿಡಿಓ ಅವರನ್ನು ಕೇಳಿ ನೋಡಿ.

ಈ ದಾರಿಯಲ್ಲಿ ಹೋಗಬೇಕು ಅನ್ನುವವರಿಗೆ

* ಬಿಎಎಂಎಸ್ ಮಾಡಿದವರು ಎಂ.ಎಸ್‌ನಲ್ಲಿ ಪ್ರಸೂತಿ ತಂತ್ರ ಮತ್ತು ಸ್ತ್ರೀರೋಗ ಆರಿಸಿಕೊಂಡು ಮುಂದೆ ಪಿಎಚ್.ಡಿಗೆ ಹೋಗಬಹುದು. ಪಿಎಚ್.ಡಿಗೆ ಕನಿಷ್ಠ ಮೂರು ವರ್ಷ.
* ಜೀವವಿಜ್ಞಾನ ಓದಿದವರಿಗೂ ಬಾಗಿಲು ತೆರೆದಿದೆ. 2024ರ ಡಿಸೆಂಬರ್ ಸುತ್ತಿನಿಂದ ಯುಜಿಸಿ-ನೆಟ್ ಪರೀಕ್ಷೆಯಲ್ಲಿ ‘ಆಯುರ್ವೇದ ಜೀವಶಾಸ್ತ್ರ’ ಹೊಸ ವಿಷಯವಾಗಿ ಸೇರಿದೆ. ನೆಟ್ ಅಂಕದ ಮೇಲೆ ಪಿಎಚ್.ಡಿ ಪ್ರವೇಶವೂ ಸಾಧ್ಯ.
* ನರ್ಸಿಂಗ್ ಓದಿದವರಿಗೆ ಇನ್ನೊಂದು ಹಾದಿ. 2018ರ ಮಾರ್ಗಸೂಚಿ ಪ್ರಕಾರ ಕೇಂದ್ರ ಸರ್ಕಾರ 18 ತಿಂಗಳ ವಿಶೇಷ ಸೂಲಗಿತ್ತಿ ತರಬೇತಿ ಶುರು ಮಾಡಿದೆ. ಹಳೆಯ ಕೈಗುಣ, ಹೊಸ ಕಲಿಕೆ ಎರಡೂ ಕೂಡುವ ಜಾಗ ಇದು.

ಮಗುವಿಗಾಗಿ ಕಾಯುತ್ತಿರುವವರಿಗೆ

ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಈ ತೊಂದರೆ ಎದುರಿಸುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನೀವು ಒಬ್ಬರೇ ಅಲ್ಲ. ಸಂಶೋಧನೆ ಮುಗಿಯುವವರೆಗೆ ಕಾಯಲು ಯಾರಿಗೂ ಆಗುವುದಿಲ್ಲ. ಅಲ್ಲಿಯವರೆಗೆ ಇಷ್ಟು ನೆನಪಿರಲಿ:

* ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ನೋಡಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ.
* ಗಂಡನ ವೀರ್ಯ ಪರೀಕ್ಷೆ ಮೊದಲೇ ಆಗಲಿ. ಸರಳ, ಖರ್ಚು ಕಡಿಮೆ. ಎಷ್ಟೋ ಮನೆಗಳಲ್ಲಿ ಹೆಂಡತಿ ಮಾತ್ರ ವರ್ಷಗಟ್ಟಲೆ ಕಷಾಯ ಕುಡಿಯುತ್ತಿರುತ್ತಾಳೆ.
* ಲೇಬಲ್ ಇಲ್ಲದ ಪುಡಿ, ಭಸ್ಮ ಬೇಡ. ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ ಇದೆಯಾ ನೋಡಿ. ಯಾರೋ ರೀಲ್ಸ್‌ನಲ್ಲಿ ಹೇಳಿದರು ಅಂತ ನುಂಗಬೇಡಿ.
* ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತಿಳಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.
* ಮಗು ಬೇಕು ಅಂತ ನಿರ್ಧರಿಸಿದ ದಿನದಿಂದಲೇ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಿ.

ಕೊನೆಗೊಂದು ಮಾತು

ನರಸಮ್ಮ ಅವರಿಂದ ಕಲಿತವರು ಬೇರೆ ಬೇರೆ ಊರುಗಳಲ್ಲಿ ಇದ್ದಾರೆ. ಅವರ ತಲೆಮಾರಿನ ಸೂಲಗಿತ್ತಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮನೆ ಹೆರಿಗೆ ನಿಂತ ಮೇಲೆ ಅವರ ಕೈಗೆ ಕೆಲಸ ಇಲ್ಲ, ಬಾಯಿಗೆ ಕೇಳುವವರಿಲ್ಲ. ಹೆರಿಗೆ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯ್ತು. ಜೊತೆಗೆ ಅವರ ನೆನಪೂ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಅದು ಇನ್ನೂ ಆಗಿಲ್ಲ.

ಮುಂದಿನ ಸಲ ಊರಿಗೆ ಹೋದಾಗ, ನಿಮ್ಮ ಅಜ್ಜಿಗೋ ಪಕ್ಕದ ಬೀದಿಯ ಸೂಲಗಿತ್ತಿಗೋ ಇನ್ನೂ ಮಾತಾಡುವ ಶಕ್ತಿ ಇದ್ದರೆ, ಅವರ ಒಪ್ಪಿಗೆ ಕೇಳಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಗಿಡ, ಯಾವ ತಿಂಗಳು, ಎಷ್ಟು ಚಿಟಿಕೆ, ಯಾರಿಗೆ ಕೊಡುತ್ತಿರಲಿಲ್ಲ, ಯಾವಾಗ ‘ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಿ’ ಅನ್ನುತ್ತಿದ್ದರು ಅಂತ ಕೇಳಿ. ಆ ಕೊನೆಯ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ, ಒಳ್ಳೆಯ ಸೂಲಗಿತ್ತಿಯ ಗುರುತು ಸಿಗುವುದು ಅದರ ಉತ್ತರದಲ್ಲೇ.